ಡ್ಯೂಟಿಗೆ ಬಂದ ಬೆರಳು

ಕೊಟ್ರಪ್ಪನ ಬೆರಳಿಗೆ ಬಾಗಲಗುಂಟೆಯ ಸ್ಮಶಾನದಲ್ಲಿ ಸಿಕ್ಕ ಮರ್ಯಾದೆ ಎಷ್ಟೋ ಇಡೀ ಮನುಷ್ಯರಿಗೂ ಸಿಗುವುದಿಲ್ಲ. ವಿಭೂತಿ ಇತ್ತು, ಪತ್ರಿ ಇತ್ತು, ಚೆಂಡುಹೂವಿನ ಹಾರ ಇತ್ತು, ಅಳುವುದಕ್ಕೆ ಹೆತ್ತ ತಾಯಿಯೇ ಇದ್ದಳು. ಇಷ್ಟೆಲ್ಲ ಮಾಡಿಸಿಕೊಂಡ ಮೇಲೆ ಯಾವುದೇ ಸಭ್ಯ ಬೆರಳು ಸುಮ್ಮನಿರಬೇಕಿತ್ತು. ಅದು ಇರಲಿಲ್ಲ. ಅದಕ್ಕೇ ಇಷ್ಟು ಹೇಳಬೇಕಾಗಿ ಬಂದಿದೆ.

ಕೊಟ್ರಪ್ಪ ಹೂವಿನಹಡಗಲಿ ಕಡೆಯವನು. ತಾಯಿ ಹನುಮವ್ವನ ಜೊತೆ ಬಾಗಲಗುಂಟೆಯ ಒಂದು ವಠಾರದಲ್ಲಿ ಬಾಡಿಗೆಗಿದ್ದ. ಪೀಣ್ಯದಲ್ಲಿ ಡಬ್ಬಿ ಮುಚ್ಚಳ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಪವರ್ ಪ್ರೆಸ್ ನಡೆಸುತ್ತಿದ್ದ. ಇಎಸ್‌ಐ ವಿಮೆ ಕಟ್ಟಬೇಕಾದದ್ದು ಹತ್ತು ಜನರಿದ್ದರೆ, ಆ ತಂಟೆಯೇ ಬೇಡವೆಂದು ಮಾಲೀಕರು ಕಾಗದದಲ್ಲಿ ಒಂಬತ್ತೇ ಜನರನ್ನು ತೋರಿಸಿದ್ದರೂ, ಒಳಗೆ ಕೆಲಸ ಮಾಡುವವರು ಒಬ್ಬರ ಕಾಲು ಒಬ್ಬರು ತುಳಿಯುವಷ್ಟಿದ್ದರು. ಅಂಥಲ್ಲಿ ಕೊಟ್ರಪ್ಪನಿಗೆ ಒಂದೇ ಒಂದು ಹೆಮ್ಮೆ: ಹಾಜರಿ. ಗೇಟಿನ ಪಕ್ಕ ಪಂಚಿಂಗ್ ಮಿಷನ್ ತಂದು ಕೂರಿಸಿದ ದಿನದಿಂದ ಅವನು ಒಂದು ದಿನವೂ ತಪ್ಪಿಸಿರಲಿಲ್ಲ. ಬಲಗೈ ತೋರುಬೆರಳು ಗಾಜಿನ ಮೇಲಿಟ್ಟರೆ ಮಿಷನ್ನಿನ ಒಳಗಿರುವ ಹೆಂಗಸು ಸಣ್ಣ ದನಿಯಲ್ಲಿ 'ಥ್ಯಾಂಕ್ ಯೂ' ಅನ್ನುತ್ತಿದ್ದಳು, ಪರದೆಯ ಮೇಲೆ ಅವನ ಹೆಸರು ಮೂಡುತ್ತಿತ್ತು. ಆ ಕಾರ್ಖಾನೆಯಲ್ಲಿ ಅವನಿಗೆ ಥ್ಯಾಂಕ್ಸ್ ಹೇಳುತ್ತಿದ್ದುದು ಆಕೆ ಒಬ್ಬಳೇ. ಆಯುಧ ಪೂಜೆಯ ದಿನ ಪೂರ್ತಿ ಹಾಜರಿಗೆ ಅವನಿಗೆ ಸ್ಟೀಲಿನ ಊಟದ ಡಬ್ಬಿ ಬಹುಮಾನ ಬಂದಿತ್ತು. ಅದನ್ನು ಮನೆಯಲ್ಲಿ ದೇವರ ಫೋಟೋ ಪಕ್ಕ ಇಟ್ಟಿದ್ದ, ಊಟಕ್ಕೆ ಬಳಸುತ್ತಿರಲಿಲ್ಲ.

ಆ ಬೆರಳೇ ಹೋಯಿತು. ಪ್ರೆಸ್ಸಿನ ಮುಂದೆ ಕೈ ಒಳಗೆ ಹೋಗದಂತೆ ಒಂದು ಕಬ್ಬಿಣದ ಗಾರ್ಡ್ ಇರುತ್ತದೆ. ಅದಿದ್ದರೆ ಮುಚ್ಚಳ ಕಡಿಮೆ ಬೀಳುತ್ತವೆಂದು ಸೂಪರ್‌ವೈಸರ್ ಮುರಳಿ ಅದನ್ನು ಬಿಚ್ಚಿಸಿಟ್ಟಿದ್ದ. ಪ್ರೆಸ್ ಇಳಿಯಿತು. ನರ್ಸಿಂಗ್ ಹೋಮಿನ ಡಾಕ್ಟರು ಬೆರಳನ್ನು ತಿರುಗಿಸಿ ನೋಡಿ, "ಇದನ್ನ ಜೋಡಿಸೋಕಾಗಲ್ಲ, ಜಜ್ಜಿಹೋಗಿದೆ" ಎಂದು ಟ್ರೇಯಲ್ಲಿಟ್ಟರು. ಆಯಾ ಅದನ್ನು ಕಸದ ಬಕೆಟ್ಟಿನತ್ತ ಒಯ್ಯುವಾಗ ಹನುಮವ್ವ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ ಒಯ್ತಿ? ನಮ್ಮ ಮನಿತನದಾಗ ಯಾರ್ನೂ ಕಸಕ್ಕ ಹಾಕಿಲ್ಲ. ಕೊಡಿಲ್ಲಿ, ನಾನು ಮಣ್ಣು ಕೊಡ್ತೀನಿ."

ಮಗನನ್ನು ಹಾಸಿಗೆಯಲ್ಲಿ ಬಿಟ್ಟು, ಬೆರಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು, ಆಕೆ ಸ್ಮಶಾನಕ್ಕೆ ಹೋದಳು. ಅವರ ಕಡೆ ಸತ್ತವರನ್ನು ಮಲಗಿಸುವುದಿಲ್ಲ, ಗುಂಡಿಯಲ್ಲಿ ಕೂರಿಸುತ್ತಾರೆ. ಬೆರಳನ್ನು ಕೂರಿಸುವುದು ಹೇಗೆ? ಹನುಮವ್ವ ಸ್ವಲ್ಪ ಹೊತ್ತು ಯೋಚಿಸಿ, ಅದರ ಗಿಣ್ಣುಗಳನ್ನು ಮೆಲ್ಲಗೆ ಮಡಿಸಿ, ಚಕ್ಕಂಬಕ್ಕಳ ಹಾಕಿಸಿದಂತೆ ಮಾಡಿ ಕೂರಿಸಿಯೇ ಬಿಟ್ಟಳು. ಮೇಲೆ ವಿಭೂತಿ ಉದುರಿಸಿ ಮಣ್ಣೆಳೆದು, ಸ್ಮಶಾನದ ನಲ್ಲಿಯಲ್ಲಿ ತಲೆಗೆ ನೀರು ಹೊಯ್ದುಕೊಂಡು ಮನೆಗೆ ಬಂದಳು.

ಒದ್ದೆ ಸೀರೆಯಲ್ಲಿ ಒಬ್ಬಳೇ ಬಂದವಳನ್ನು ವಠಾರದ ಒಡತಿ ಮುನಿಯಕ್ಕ ನೋಡಿದಳು. ಮುನಿಯಕ್ಕ ಬಾಗಲಗುಂಟೆಗೆ ಪೀಣ್ಯ ಬರುವ ಮೊದಲಿನಿಂದ ಇದ್ದವಳು, ರೀತಿ ರಿವಾಜು ತಿಳಿದವಳು. ಮಣ್ಣು ಕೊಟ್ಟು ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಬಾರದೆಂದು ಅವಳಿಗೆ ಗೊತ್ತಿತ್ತು. ಅದಕ್ಕೆ ಏನೂ ಕೇಳಲಿಲ್ಲ. ಹನುಮವ್ವನ ಒಲೆ ಉರಿಯಲಿಲ್ಲ, ಮಗ ಮನೆಯಲ್ಲಿಲ್ಲ, ಫ್ಯಾಕ್ಟರಿಯಲ್ಲಿ ಏನೋ ಆಯಿತೆಂದು ಮಧ್ಯಾಹ್ನವೇ ಸುದ್ದಿ ಬಂದಿತ್ತು. ಮುನಿಯಕ್ಕ ಸೆರಗು ಬಾಯಿಗೊತ್ತಿಕೊಂಡು ಬೀದಿಗೆ ಇಳಿದಳು.

"ಎಂತಾ ಹುಡ್ಗ ಕಣ್ರಪ್ಪಾ! ಬಾಡಿಗೆ ಒಂದ್ ದಿನ ಲೇಟ್ ಮಾಡ್ದೋನಲ್ಲ! ಇಂಗಾಗೋಯ್ತಲ್ಲ!"

ನಮ್ಮ ಬಡಾವಣೆಗಳಲ್ಲಿ ಚರಂಡಿಗೆ ಚಪ್ಪಡಿ ಬೀಳಲು ವರ್ಷಗಳು ಹಿಡಿಯುತ್ತವೆ, ಫ್ಲೆಕ್ಸ್ ಏಳಲು ಒಂದು ರಾತ್ರಿ ಸಾಕು. ಗೆಳೆಯರ ಬಳಗದವರು ರಾಜ್ಯೋತ್ಸವದ ಫ್ಲೆಕ್ಸಿನಲ್ಲಿ ಕೊಟ್ರಪ್ಪ ಕೈಮುಗಿದು ನಿಂತಿದ್ದ ಫೋಟೋವನ್ನೇ ಕತ್ತರಿಸಿ, 'ಭಾವಪೂರ್ಣ ಶ್ರದ್ಧಾಂಜಲಿ, ಮತ್ತೆ ಹುಟ್ಟಿ ಬಾ ಗೆಳೆಯ' ಎಂದು ಬರೆಸಿ, ಕೆಳಗೆ ತಮ್ಮ ಫೋಟೋಗಳನ್ನು ಅವನದಕ್ಕಿಂತ ದೊಡ್ಡದಾಗಿ ಹಾಕಿಸಿ, ಕಾರ್ಖಾನೆಯ ತಿರುವಿನಲ್ಲೇ ಕಟ್ಟಿದರು.

ಮರುದಿನ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಆಟೋದಲ್ಲಿ ಬರುತ್ತಿದ್ದ ಕೊಟ್ರಪ್ಪ ಅದನ್ನು ನೋಡಿದ. ಆಟೋದವನೂ ನೋಡಿದ. ಆಮೇಲೆ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದ. ಅಲ್ಲಿಂದ ವಠಾರದವರೆಗೆ ಅವನು ಬ್ರೇಕ್ ಮುಟ್ಟಲೇ ಇಲ್ಲ, ಬಾಡಿಗೆಗೂ ನಿಲ್ಲಲಿಲ್ಲ.

ಬಾಗಿಲಲ್ಲಿ ಮುನಿಯಕ್ಕ ಮೊದಲು ಅವನ ಕಾಲು ನೋಡಿದಳು. ಪಾದಗಳು ಮುಂದಕ್ಕೇ ಇದ್ದವು. ಆದರೂ ಸಂಜೆಯ ಹೊತ್ತಿಗೆ ವಠಾರದ ಎಲ್ಲ ಬಾಗಿಲುಗಳಿಗೂ ಬೇವಿನ ಸೊಪ್ಪು ಬಂತು. ಕೊಟ್ರಪ್ಪ ಬಳಗದ ಹುಡುಗರ ಹತ್ತಿರ ಹೋಗಿ, ತಾನು ಬದುಕಿರುವುದಾಗಿಯೂ ಫ್ಲೆಕ್ಸ್ ತೆಗೆಯಬೇಕಾಗಿಯೂ ಕೇಳಿಕೊಂಡ.

"ಅಣ್ಣ, ಒಂಬತ್ ದಿನ ಇರ್ಲೇಬೇಕು. ಮಧ್ಯದಲ್ಲಿ ತೆಗೆದ್ರೆ ನಿಮ್ಗೇ ಒಳ್ಳೇದಲ್ಲ" ಎಂದರು ಅವರು, ಅವನ ಮುಖ ನೋಡದೆ.

ಇವೆಲ್ಲ ಇರಲಿ, ಕೊಟ್ರಪ್ಪನಿಗೆ ಬೇಕಾಗಿದ್ದುದು ಒಂದೇ. ತೋರುಬೆರಳಿಲ್ಲದ ಬಲಗೈಗೆ ಪೀಣ್ಯದಲ್ಲಿ ಯಾರೂ ಕೆಲಸ ಕೊಡುವುದಿಲ್ಲ. ಬೆರಳು ಹೋದದ್ದು ಪ್ರೆಸ್ಸಿನಲ್ಲಿ ಎಂದು ಸರ್ಕಾರ ಒಪ್ಪಿದರೆ ಪರಿಹಾರ ಬರುತ್ತದೆ. ಬಂದರೆ ತಾಯಿಯೂ ಮಗನೂ ಒಂದು ಗಾಡಿ ಹಾಕಿಕೊಂಡು ಮಿರ್ಚಿ ಮಂಡಕ್ಕಿ ಮಾಡಿ ಬದುಕಬಹುದು. ಇಲ್ಲದಿದ್ದರೆ ಬಂದ ಬಸ್ಸಿನಲ್ಲೇ ಊರಿಗೆ ಹೋಗಬೇಕು, ಹೋಗಿ ಮಾಡುವುದೇನೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಕಾರ್ಮಿಕ ಅಧಿಕಾರಿ ನೀಲಾಂಬಿಕಾ ಮೇಡಂ ಅವರ ಕಚೇರಿಯಲ್ಲಿ ಅರ್ಜಿ ಹಾಕಿದ.

"ಯಾಕಪ್ಪಾ ಬೇಕಿತ್ತು ಇದೆಲ್ಲಾ?" ಎಂದ ಮುರಳಿ ಫೋನಿನಲ್ಲಿ. "ಎರಡ್ ವರ್ಷದ ಹಿಂದೆ ಯಮನೂರಂಗೂ ಎರಡ್ ಬೆರಳು ಹೋಯ್ತು. ಅವ್ನೇನು ಕೇಸ್ ಹಾಕಿದ್ನಾ? ಬಸ್ ಚಾರ್ಜ್ ಇಸ್ಕೊಂಡು ನಗ್ತಾ ಊರಿಗೆ ಹೋದ."

ಯಮನೂರ ನಕ್ಕದ್ದನ್ನು ಯಾರೂ ನೋಡಿರಲಿಲ್ಲ. ಅವನ ಬೆರಳುಗಳನ್ನು ತಗಡಿನ ಚೂರುಗಳ ಜೊತೆ ಗುಡಿಸಿ ಸ್ಕ್ರ್ಯಾಪ್ ಲಾರಿಗೆ ಹಾಕಿದ್ದನ್ನು ಮಾತ್ರ ಎಲ್ಲರೂ ನೋಡಿದ್ದರು.

ಈಗ ಕಂಪನಿಯ ಕಡೆಯ ವೈದ್ಯರಾದ ಡಾಕ್ಟರ್ ರಂಗಧಾಮರನ್ನು ಪರಿಚಯಿಸಬೇಕು. ಅವರು ಮಹಾ ಸೂಕ್ಷ್ಮದೃಷ್ಟಿಯವರು. ರೋಗಿ ಎದುರಿಗಿದ್ದರೆ ಅಭಿಪ್ರಾಯ ಕೆಡುತ್ತದೆಂದು ರೋಗಿಯನ್ನು ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. ಬೆರಳು ತುಂಡಾಗಿದ್ದು ಪ್ರೆಸ್ಸಿನಿಂದಲ್ಲ, ಮನೆಯಲ್ಲಿ ಈಳಿಗೆಮಣೆಯ ಮೇಲೆ ಕುಂಬಳಕಾಯಿ ಹೆಚ್ಚುವಾಗ ಎಂಬುದು ಅವರ ಮೊದಲನೆಯ ವೈದ್ಯಕೀಯ ಅಭಿಪ್ರಾಯ. ಕುಂಬಳಕಾಯಿ ಎಂದು ಹೇಗೆ ತಿಳಿಯಿತೆಂದು ನೀಲಾಂಬಿಕಾ ಮೇಡಂ ಕೇಳಿದ್ದಕ್ಕೆ, ಗಾಯದ ಕೋನದಿಂದ ತಿಳಿಯುತ್ತದೆ ಎಂದರು ಕಂಪನಿ ವಕೀಲರು.

ಮುಂದಿನ ತಾರೀಖಿಗೆ ವಕೀಲರ ಕೈಯಲ್ಲಿ ಹೊಸ ಅಸ್ತ್ರವಿತ್ತು. ಮುರಳಿ ಮೊಬೈಲಿನಲ್ಲಿ ಹಿಡಿದಿದ್ದ ಫ್ಲೆಕ್ಸಿನ ಫೋಟೋ.

"ಮೇಡಂ, ಅರ್ಜಿದಾರ ತೀರಿಕೊಂಡಿದ್ದಾನೆ. ಡಾಕ್ಟರ್ ರಂಗಧಾಮರ ಎರಡನೆಯ ಅಭಿಪ್ರಾಯ ಸಲ್ಲಿಸ್ತಿದ್ದೀನಿ. ಸಾವು ಬಹಳ ಕಾಲದ ಹೃದಯದ ಕಾಯಿಲೆಯಿಂದ. ಬೆರಳಿಗೂ ಅದಕ್ಕೂ ಸಂಬಂಧವಿಲ್ಲ."

"ನಾ ಇಲ್ಲೇ ನಿಂತೀನಲ್ರೀ" ಎಂದ ಕೊಟ್ರಪ್ಪ.

"ಇವರು ಯಾರೋ ಮೇಡಂ. ಮೃತನ ಹಾಗೇ ಕಾಣ್ತಾರೆ. ಇವರು ಬದುಕಿದ್ದಾರೆ ಅನ್ನೋದಕ್ಕೆ ಎದುರು ಪಕ್ಷದಿಂದ ಒಂದೂ ವೈದ್ಯಕೀಯ ಅಭಿಪ್ರಾಯ ಬಂದಿಲ್ಲ."

ನೀಲಾಂಬಿಕಾ ಮೇಡಂ ಒಳ್ಳೆಯವರು, ಆದರೆ ಕಡತ ಬಿಟ್ಟು ಆಚೆಗೆ ಕಾಲಿಡದವರು. ಹಣೆ ಒತ್ತಿಕೊಂಡು, "ಒಂದು ಅಭಿಪ್ರಾಯ ತಂದುಬಿಡಪ್ಪಾ" ಎಂದರು.

ಕೊಟ್ರಪ್ಪ ಸರ್ಕಾರಿ ಆಸ್ಪತ್ರೆಗೆ ಹೋದ. ಮೂಳೆ ಡಾಕ್ಟರು ಅವನ ಕೈ ನೋಡಿ, ಬೆರಳಿಲ್ಲ ಎಂದು ಬರೆದುಕೊಡಲು ಸಿದ್ಧರಿದ್ದರು. ಜೀವ ಇದೆಯೆಂದು ಬರೆಯುವುದು ಮೂಳೆ ವಿಭಾಗಕ್ಕೆ ಬರುವುದಿಲ್ಲವೆಂದರು. ಹೃದಯದ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, "ಬಡಿತ ಇದೆ. ಆದರೆ ನೀವು ಸತ್ತಿದ್ದೀರಿ ಅಂತ ಇನ್ನೊಬ್ಬ ಡಾಕ್ಟರು ಬರೆದ ಮೇಲೆ ನಾನು ಅಡ್ಡ ಬರೆಯೋದು ಸರಿಯಾಗಲ್ಲ" ಎಂದು ಎದ್ದರು. ಹೊರಗೆ ಬಂದಾಗ ಬೀದಿನಾಯಿಗಳು ಸಾಲಾಗಿ ಮಲಗಿದ್ದವು. ಅವನು ನಡುವೆ ದಾಟಿಹೋದರೂ ಒಂದೂ ತಲೆಯೆತ್ತಲಿಲ್ಲ. ಕೊಟ್ರಪ್ಪನಿಗೆ ಮೊದಲ ಸಲ ಭಯವಾಯಿತು.

ಭಯಕ್ಕೆ ಇನ್ನೊಂದು ಕಾರಣವಿತ್ತು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಇಲ್ಲದ ಬೆರಳು ಇತ್ತು. ಕಣ್ಣಿಗೆ ಕಾಣದಿದ್ದರೂ ಅದು ಮಡಿಸಿಕೊಂಡು ಕೂತಿರುವುದು, ಜೋಮು ಹಿಡಿದಿರುವುದು, ಮಳೆ ಬಂದರೆ ಅದರ ಸುತ್ತ ಒದ್ದೆ ಮಣ್ಣು ತಣ್ಣಗಾಗುವುದು ಎಲ್ಲ ತಿಳಿಯುತ್ತಿತ್ತು. ಅಷ್ಟಕ್ಕೇ ಮುಗಿಯಲಿಲ್ಲ. ದಿನಾ ಬೆಳಿಗ್ಗೆ, ಕಾರ್ಖಾನೆಯ ಸೈರನ್ ಕೂಗುವ ಸ್ವಲ್ಪ ಮೊದಲು, ಬೆರಳ ತುದಿಗೆ ನುಣ್ಣಗಿನ, ಬೆಚ್ಚಗಿನ ಏನೋ ತಾಗುತ್ತಿತ್ತು. ಏನೆಂದು ಅವನಿಗೆ ಗೊತ್ತಿತ್ತು. ವರ್ಷಗಟ್ಟಲೆ ಮುಟ್ಟಿದ ಗಾಜು ಅದು.

ಬ್ಯಾಂಡೇಜು ಬದಲಿಸಿದ ನರ್ಸಿಂಗ್ ಹೋಮಿನ ಡಾಕ್ಟರಿಗೆ ಮಡಿಸಿದಂತಾಗುವುದನ್ನು ಮಾತ್ರ ಹೇಳಿದ. "ಅದು ಮೆದುಳಿನ ಆಟ, ಎಷ್ಟೋ ಜನಕ್ಕೆ ಹಾಗಾಗುತ್ತೆ" ಎಂದರು ಅವರು. ತಾಯಿಗೆ ಹೇಳಿದಾಗ ಹನುಮವ್ವ ಸೆರಗಿನಿಂದ ಕಣ್ಣೊರಸಿಕೊಂಡಳು.

"ನಾನೇ ಮಡಿಸಿ ಕುಂದ್ರಿಸೀನೋ ಯಪ್ಪಾ. ಕಾಲು ನೋಯ್ತಿರಬೇಕು ಅದಕ್ಕ."

ತಾನು ಬದುಕಿರುವುದಾಗಿ ಕಂಪನಿಯವರೇ ಒಂದು ಮಾತು ಬರೆದುಕೊಟ್ಟರೆ ಆಗಬಹುದೆಂದು ಒಂದು ಮಧ್ಯಾಹ್ನ ಕೊಟ್ರಪ್ಪ ಕಾರ್ಖಾನೆಯ ಗೇಟಿಗೆ ಹೋದ. ಕೋಲಾರದ ಕಡೆಯ ಮುದುಕ ಆವಲಪ್ಪ ಅಲ್ಲಿ ವಾಚ್‌ಮನ್. ಕೊಟ್ರಪ್ಪನನ್ನು ಕಂಡವನೇ ಸ್ಟೂಲಿನಿಂದ ಇಳಿದು ಸ್ಟೂಲಿನ ಹಿಂದೆ ಅವಿತುಕೊಂಡ.

"ಇನ್ನೇನು ಬೇಕು ನಿಂಗೆ? ದಿನಾ ಬೆಳಿಗ್ಗೆ ಬತ್ತೀಯ, ಓಯ್ತೀಯ. ನಾನೇನಾರಾ ಅಡ್ಡ ಬಂದಿದ್ದೀನಾ?"

"ನಾ ಎಲ್ಲಿ ಬಂದೀನಿ ಯಜ್ಜಾ?"

"ನೀನ್ ಕಾಣಾಕಿಲ್ಲ ಕಣಪ್ಪಾ. ಮಿಸನ್ ಕಾಣ್ತದೆ. ಯಾರೂ ಇರಾಕಿಲ್ಲ ಅದರ ಮುಂದೆ. ಸುಮ್ಕೆ ದೀಪ ಅತ್ಕೊಂತದೆ, ತ್ಯಾಂಕೂ ಅಂತದೆ, ನಿನ್ ಎಸ್ರು ಬತ್ತದೆ. ಆಮ್ಯಾಕೆ ನಾನು ಗಂಟೆಗಟ್ಲೆ ಅಲ್ಲಿಗ್ ಓಗಾಕಿಲ್ಲ."

ಕೊಟ್ರಪ್ಪ ಬಲಗೈಯನ್ನು ಜೇಬಿಗೆ ತುರುಕಿದ. ಪ್ಯಾಂಟಿನ ಜೇಬಿನೊಳಗೆ ಇಲ್ಲದ ಬೆರಳು ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ಇನ್ನಷ್ಟು ಮುದುಡಿಕೊಂಡಿತು.

ಮಿಷನ್ ರಿಪೇರಿಯವನು ಇದಕ್ಕೊಂದು ವಿವರಣೆ ಕೊಟ್ಟಿದ್ದಾನೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಗಾಜಿನ ಮೇಲೆ ಹಳೆಯ ಬೆರಳಿನ ಎಣ್ಣೆ ಗುರುತು ಉಳಿದಿದ್ದರೆ, ಬಿಸಿಲು ಓರೆಯಾಗಿ ಬಿದ್ದಾಗ ಮಿಷನ್ ಮೋಸಹೋಗುತ್ತದಂತೆ. ಆವಲಪ್ಪ ಆ ಗಾಜನ್ನು ದಿನಾ ಸಂಜೆ ಬೂದಿ ಹಾಕಿ ಉಜ್ಜುತ್ತಿದ್ದ ಎಂದಾಗ, ರಿಪೇರಿಯವನು ತನ್ನ ಚೀಲ ತೆಗೆದುಕೊಂಡು ಹೊರಟುಹೋದ.

ಅಷ್ಟರಲ್ಲಿ ಮುರಳಿ ತನ್ನ ಗುಂಡಿ ತಾನೇ ತೋಡಿಕೊಂಡಿದ್ದ. ಕೊಟ್ರಪ್ಪ ಸತ್ತ ಮೇಲೆ ಕೆಲಸಕ್ಕೆ ಬಂದಿಲ್ಲವೆಂದು ಸಾಬೀತು ಮಾಡಲು ಹಾಜರಿ ತೆಗೆಸಿದ. ತೆಗೆದರೆ, ಅಪಘಾತದ ಮರುದಿನದಿಂದ ಹಿಡಿದು ಆ ಬೆಳಗಿನವರೆಗೆ ಕೊಟ್ರಪ್ಪ ಒಂದು ದಿನವೂ ತಪ್ಪಿಸಿರಲಿಲ್ಲ. ಉಳಿದವರೆಲ್ಲ ಹಬ್ಬಕ್ಕೆ ಊರಿಗೆ ಹೋಗಿದ್ದಾಗಲೂ ಅವನು ಹಾಜರ್. ಮುರಳಿಗೆ ಅಂದಿನಿಂದ ಊಟ ಸೇರಲಿಲ್ಲ. ಆದರೆ ವಕೀಲರು ಅರಳಿದರು, ಡಾಕ್ಟರ್ ರಂಗಧಾಮರು ಮೂರನೆಯ ಅಭಿಪ್ರಾಯ ಬರೆದರು: ಬೆರಳು ಸಂಪೂರ್ಣ ಆರೋಗ್ಯದಿಂದಿದೆ, ಎಂದೂ ತುಂಡಾಗಿಲ್ಲ.

ಕೊನೆಯ ವಿಚಾರಣೆಗೆ ಕಚೇರಿ ತುಂಬಿತ್ತು. ಮುನಿಯಕ್ಕ ಬೇವಿನ ಸೊಪ್ಪು ಸಮೇತ ಬಂದಿದ್ದಳು. ಆವಲಪ್ಪ ಗೋಡೆಗೆ ಒರಗಿ ನಿಂತಿದ್ದ, ಮುರಳಿ ವಕೀಲರ ಹಿಂದೆ ಕೂತಿದ್ದ. ಆ ದಿನ ಡಾಕ್ಟರ್ ರಂಗಧಾಮರೂ ಖುದ್ದಾಗಿ ಬಂದಿದ್ದರು.

ನೀಲಾಂಬಿಕಾ ಮೇಡಂ ಮೂರೂ ಅಭಿಪ್ರಾಯಗಳನ್ನು ಮೇಜಿನ ಮೇಲೆ ಹರಡಿದರು. "ಈ ಮನುಷ್ಯ ಮನೆಯಲ್ಲಿ ಬೆರಳು ಕುಯ್ದುಕೊಂಡ, ಕಾಯಿಲೆಯಿಂದ ಸತ್ತ, ಬೆರಳು ಚೆನ್ನಾಗಿಯೇ ಇದೆ. ಇದರಲ್ಲಿ ಯಾವುದು ನಿಮ್ಮ ವಾದ?"

"ಮೂರೂ ಮೇಡಂ" ಎಂದರು ವಕೀಲರು. "ಒಂದಕ್ಕೊಂದು ಬಾಧಕವಾಗದಂತೆ."

"ಡಾಕ್ಟರೇ, ಅವರ ಕೈ ನೋಡಿ."

ಕೊಟ್ರಪ್ಪ ಬಲಗೈ ಚಾಚಿದ. ಡಾಕ್ಟರ್ ರಂಗಧಾಮರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಕಿಟಕಿಯ ಆಚೆ ನೋಡಿದರು. "ನನ್ನ ಅಭಿಪ್ರಾಯ ದಾಖಲೆಗಳ ಮೇಲೆ ನಿಂತಿದೆ ಮೇಡಂ. ಕೈ ನೋಡಿ ಗೊಂದಲ ಮಾಡ್ಕೊಳ್ಳೋದು ಬೇಡ."

ಮೇಡಂ ಹೇಳಿ ತರಿಸಿದ್ದ ಪಂಚಿಂಗ್ ಮಿಷನ್ ಮೇಜಿನ ಮೇಲಿತ್ತು. ವೈರ್ ಚುಚ್ಚಿದರು. ಆಗಲೇ ಕೊಟ್ರಪ್ಪನಿಗೆ ತನ್ನ ಪಾಡು ಪೂರ್ತಿ ಅರ್ಥವಾದದ್ದು. ಮಿಷನ್ ಅವನನ್ನು ಗುರುತಿಸಿದರೆ ಅವನು ಬದುಕಿದ್ದಾನೆ, ಆದರೆ ಬೆರಳು ಹೋಗಿಲ್ಲ, ಪರಿಹಾರವಿಲ್ಲ. ಗುರುತಿಸದಿದ್ದರೆ ಬೆರಳು ಹೋಗಿದೆ, ಆದರೆ ಅವನು ಕೊಟ್ರಪ್ಪನೇ ಅಲ್ಲ, ಕೊಟ್ರಪ್ಪ ಸತ್ತಿದ್ದಾನೆ, ಪರಿಹಾರವಿಲ್ಲ. ಗಾಡಿಯ ಕನಸು ಕಂಡ ತಾಯಿ ಬಾಗಿಲ ಹತ್ತಿರ ಕೈಮುಗಿದು ನಿಂತಿದ್ದಳು.

"ಇಡಪ್ಪಾ" ಎಂದರು ಮೇಡಂ.

ಕೊಟ್ರಪ್ಪ ಕೈ ಮುಂದೆ ತಂದ. ಉಳಿದ ಬೆರಳುಗಳನ್ನು ಮಡಿಸಿಕೊಂಡ. ತೋರುಬೆರಳು ಇರಬೇಕಾದ ಜಾಗದಲ್ಲಿ ಒಣಗಿದ ಮೊಂಡು, ಅದರ ಮುಂದೆ ಬರೀ ಗಾಳಿ, ಗಾಳಿಯ ಆಚೆಗೆ ಗಾಜು. ಮೊಂಡು ಗಾಜಿಗೆ ತಾಗಲಿಲ್ಲ, ಅದನ್ನು ಎಲ್ಲರೂ ನೋಡಿದರು. ನಡುವೆ ಒಂದು ಬೆರಳಿನಷ್ಟು ಜಾಗ ಖಾಲಿಯಿತ್ತು.

ಗಾಜಿನೊಳಗೆ ಕೆಂಪು ದೀಪ ಹತ್ತಿತು. ಗಾಜಿನ ಮೇಲೆ, ಯಾರೋ ಒತ್ತಿದಂತೆ, ಉಸಿರು ತಾಗಿದಷ್ಟು ಚಿಕ್ಕ ಮಂಜು ಮೂಡಿತು.

"ಥ್ಯಾಂಕ್ ಯೂ" ಎಂದಳು ಒಳಗಿನ ಹೆಂಗಸು.

ಪರದೆಯ ಮೇಲೆ ಕೊಟ್ರಪ್ಪನ ಹೆಸರು ಬಂತು. ಗಾಜಿನ ಮೇಲೆ ಒಂದು ಚಿಟಿಕೆ ಮಣ್ಣು ಉಳಿದಿತ್ತು, ಒದ್ದೆ ಮಣ್ಣು, ಅದರಲ್ಲಿ ಬೆಳ್ಳಗೆ ವಿಭೂತಿ.

ಮೊದಲು ಕೂಗಿದವನು ಮುರಳಿ. "ಗಾರ್ಡ್ ಬಿಚ್ಚಿಸಿದ್ದು ನಾನೇ ಮೇಡಂ! ಪ್ರೆಸ್ಸಲ್ಲೇ ಹೋಗಿದ್ದು! ನನ್ ಕಣ್ಮುಂದೇನೇ ಹೋಗಿದ್ದು! ದಿನಾ ಬಂದು ಅದು ನನ್ನನ್ನೇ ಕೇಳ್ತಿದೆ! ಬರ್ಕೊಳ್ಳಿ ಮೇಡಂ, ಬೇಗ ಬರ್ಕೊಳ್ಳಿ!"

ವಕೀಲರು ಅವನ ಬಾಯಿ ಮುಚ್ಚಲು ಹೋದರು, ಆದರೆ ಮಿಷನ್ನಿನ ಪಕ್ಕ ಹಾದುಹೋಗಬೇಕಾದ್ದರಿಂದ ಹೋಗಲಿಲ್ಲ. ನೀಲಾಂಬಿಕಾ ಮೇಡಂ ಬರೆದುಕೊಂಡರು. ಅಕ್ಷರಗಳು ಕಡತಕ್ಕೆ ತಕ್ಕಂತೆ ದುಂಡಗೇ ಬಂದವು. ಡಾಕ್ಟರ್ ರಂಗಧಾಮರನ್ನು ನಾಲ್ಕನೆಯ ಅಭಿಪ್ರಾಯ ಕೇಳಿದರು. ರಂಗಧಾಮರು ತಮ್ಮ ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು, ಅಭಿಪ್ರಾಯವಿಲ್ಲವೆಂದರು. ಅವರ ವೃತ್ತಿಜೀವನದಲ್ಲಿ ಅದೇ ಮೊದಲು.

ಕಾರ್ಖಾನೆಯ ಪ್ರೆಸ್ಸಿನಲ್ಲೇ ಬೆರಳು ಹೋದದ್ದು ನಿಜವೆಂದು ಆದೇಶವಾಯಿತು, ಪರಿಹಾರವೂ ಬಂತು. ಮಂಡಕ್ಕಿ ಗಾಡಿ ಇಟ್ಟ ದಿನ ಮುನಿಯಕ್ಕನೇ ಮೊದಲ ಗಿರಾಕಿ, ಬಾಗಿಲಿನ ಬೇವಿನ ಸೊಪ್ಪು ಕಿತ್ತುಹಾಕಿ ಬಂದಿದ್ದಳು.

ಆ ದಿನ ಸಂಜೆ ಹನುಮವ್ವ ಮಗನನ್ನು ಕರೆದುಕೊಂಡು ಸ್ಮಶಾನಕ್ಕೆ ಹೋದಳು. ಗಾಡಿಯ ಮೊದಲ ಮಿರ್ಚಿಯನ್ನು ಎಲೆಯಲ್ಲಿಟ್ಟು, ನೆಲಕ್ಕೆ ಬಾಯಿ ಹತ್ತಿರ ತಂದು, ಕೂಸಿಗೆ ಹೇಳುವ ಹಾಗೆ ಹೇಳಿದಳು:

"ಸಾಕು ಬಿಡೋ ಯಪ್ಪಾ. ನಿನ್ನ ಕೆಲ್ಸ ಹೋಗೈತಿ ಅಂತ ನಿನಗ ಯಾರೂ ಹೇಳಿದ್ದಿಲ್ಲ, ತಪ್ಪು ನಮ್ಮದು. ಡ್ಯೂಟಿ ಮುಗೀತು. ಕಾಲು ಚಾಚಿ ಮಲಕ್ಕೋ."

ಕೊಟ್ರಪ್ಪನಿಗೆ ತಿಳಿಯಿತು. ಇಷ್ಟು ತಿಂಗಳು ಮುದುಡಿ ಕೂತಿದ್ದ ಬೆರಳು ಗಿಣ್ಣು ಗಿಣ್ಣಾಗಿ ಬಿಚ್ಚಿಕೊಂಡು ಉದ್ದಕ್ಕೆ ಚಾಚಿತು. ಆಮೇಲೆ ಏನೂ ತಿಳಿಯಲಿಲ್ಲ, ಕೈ ಹಗುರವಾಯಿತು. ಅವನು ಮಣ್ಣಿನ ಮೇಲೆ ಕೂತು ಮಗುವಿನಂತೆ ಅತ್ತುಬಿಟ್ಟ.

ಮರುದಿನ ಬೆಳಿಗ್ಗೆ ಕಾರ್ಖಾನೆಯ ಗೇಟಿನಲ್ಲಿ ಮಿಷನ್ ತಣ್ಣಗಿತ್ತು. ಅದರ ಮರುದಿನವೂ. ಮುರಳಿಗೆ ಊಟ ಸೇರತೊಡಗಿತು. ಆವಲಪ್ಪ ಸ್ಟೂಲನ್ನು ಮತ್ತೆ ಮಿಷನ್ನಿನ ಪಕ್ಕಕ್ಕೆ ಎಳೆದುಕೊಂಡ.

ಸೋಮವಾರ, ಸೈರನ್ ಕೂಗುವ ಸ್ವಲ್ಪ ಮೊದಲು, ಗೇಟಿನಲ್ಲಿ ಯಾರೂ ಇಲ್ಲದಾಗ, ಗಾಜಿನೊಳಗೆ ಕೆಂಪು ದೀಪ ಹತ್ತಿತು. "ಥ್ಯಾಂಕ್ ಯೂ" ಎಂದಳು ಆ ಹೆಂಗಸು. ಒಂದು ಗಳಿಗೆ ಬಿಟ್ಟು ಮತ್ತೊಮ್ಮೆ, "ಥ್ಯಾಂಕ್ ಯೂ."

ಆವಲಪ್ಪ ಕುತ್ತಿಗೆ ಮಾತ್ರ ಮುಂದೆ ಮಾಡಿ ಪರದೆ ನೋಡಿದ. ಕೊಟ್ರಪ್ಪನ ಹೆಸರಲ್ಲ. ಎರಡು ಸಲವೂ ಯಮನೂರನ ಹೆಸರೇ ಇತ್ತು. ಕೇಸು ಗೆದ್ದ ಸುದ್ದಿ ಸ್ಕ್ರ್ಯಾಪ್ ಲಾರಿ ಹೋದಲ್ಲಿಗೂ ಮುಟ್ಟಿರಬೇಕು.